ಹೊಸ ಆಲ್ಬಮ್ಮಿನ ನಿರೀಕ್ಷಕ

ಮಂಗಳೂರು ನಗರದಲ್ಲಿ ಬೆಂದೂರು, ಕುಲಶೇಖರ, ವೆಲೆನ್ಸಿಯಾ ಮೊದಲಾದ ಇಗರ್ಜಿಗಳ ಆಸುಪಾಸಿನ ಕೊಂಕಣಿ ಕ್ಯಾಥೊಲಿಕ್ ಸಮಾಜದೊಳಗೆ, ಐವತ್ತು ದಾಟಿದ, ಕಂಠಕ್ಕಿಂತ ಕಿವಿಯೇ ಚುರುಕಾಗಿರುವ ಒಬ್ಬ ಗೃಹಸ್ಥನು ತಪ್ಪದೆ ಕಾಣಸಿಗುತ್ತಾನೆ. ಮೆಚ್ಚಿನ ಗಾಯಕನ ಹೊಸ ಆಲ್ಬಮ್ ಯಾವಾಗ ಹೊರಬರುತ್ತದೆ ಎಂಬುದನ್ನು ಆ ಗಾಯಕನಿಗಿಂತಲೂ ಮೊದಲೇ ಅರಿತಿರುವುದು ಇವನ ಪ್ರಧಾನ ಲಕ್ಷಣವಾಗಿರುವುದರಿಂದ ಇವನನ್ನು ನಿರೀಕ್ಷಕನೆಂದು ಕರೆಯಬಹುದು. ಹೊಟ್ಟೆಪಾಡಿಗೆ ಇವನು ಬ್ಯಾಂಕಿನಲ್ಲಿ ದುಡಿದಿರಬಹುದು ಅಥವಾ ಕುವೈತಿನಿಂದ ಮರಳಿರಬಹುದು. ಆದರೆ ಇವನ ನಿಜವಾದ ಉದ್ಯೋಗ ಕಾಯುವುದೇ ಆಗಿದೆ.

ಈ ಉದ್ಯೋಗ ಕಂಡಷ್ಟು ಸುಲಭವಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕೊಂಕಣಿಯನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 22.5 ಲಕ್ಷ; ಇವರಲ್ಲಿ ಗೋವೆಯವರು ದೇವನಾಗರಿಯಲ್ಲೂ ರೋಮನ್ ಲಿಪಿಯಲ್ಲೂ ಬರೆದರೆ ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಹೀಗೆ ಸೋಸಿದ ಮೇಲೆ ಉಳಿಯುವ ಮಾರುಕಟ್ಟೆಯನ್ನು ಯಾವ ದೊಡ್ಡ ಧ್ವನಿಮುದ್ರಣ ಕಂಪನಿಯೂ ನೆಚ್ಚಿ ಕೂರುವುದಿಲ್ಲವಾದ್ದರಿಂದ, ಟೇಲರ್ ಸ್ವಿಫ್ಟಳ ಅಭಿಮಾನಿಯು ಬೆರಳ ತುದಿಯಲ್ಲಿ ಮಾಡಿ ಮುಗಿಸುವ ನಿರೀಕ್ಷೆಯನ್ನು ಮಂಗಳೂರಿನ ನಿರೀಕ್ಷಕನು ಕಾಲು ಸವೆಸಿಯೇ ಮಾಡಬೇಕಾಗುತ್ತದೆ: ಬಿಡುಗಡೆಯ ಕಾರ್ಯಕ್ರಮದ ಟಿಕೆಟ್ ಮಾರಬೇಕು, ಜಾಹೀರಾತು ಎತ್ತಬೇಕು, ತನ್ನ ವಾಡೆಯ ಗುರ್ಕಾರನನ್ನು, ಎಂದರೆ ಇಗರ್ಜಿಯ ಆಡಳಿತಕ್ಕೆ ಒಳಪಟ್ಟ ಕುಟುಂಬಗಳ ಒಂದು ಗುಂಪಿನ ಮುಖಂಡನನ್ನು, ಮುಂದಿನ ಸಾಲಿನಲ್ಲಿ ಕೂರುವಂತೆ ಒಪ್ಪಿಸಬೇಕು. ದೊಡ್ಡ ಭಾಷೆಯ ಅಭಿಮಾನಿಗೆ ಅಭಿಮಾನವೊಂದೇ ಸಾಕು. ಸಣ್ಣ ಭಾಷೆಯಲ್ಲಿ ಅದಕ್ಕೆ ರಸೀದಿ ಪುಸ್ತಕವೂ ಬೇಕು.

ನಿರೀಕ್ಷಕನ ವಂಶಾವಳಿಯನ್ನು ಹುಡುಕಹೊರಟರೆ ಅದು 'ಕೊಂಕಣ್ ಕೋಗುಳ್', ಅಂದರೆ ಕೊಂಕಣದ ಕೋಗಿಲೆ, ಎಂದು ಪ್ರಸಿದ್ಧರಾದ ವಿಲ್ಫಿ ರೆಬಿಂಬಸ್ (1942–2010) ಅವರ 'ನಾಯ್ಟ್'ಗಳಿಗೆ ಹೋಗಿ ಮುಟ್ಟುತ್ತದೆ. ನಾಯ್ಟ್ ಎಂದರೆ ಒಬ್ಬನೇ ಗಾಯಕನ ಹೆಸರಿನಲ್ಲಿ ನಡೆಯುವ, ಹೊಸ ಹಾಡುಗಳು ಮೊದಲ ಬಾರಿಗೆ ಸಾರ್ವಜನಿಕರ ಕಿವಿಗೆ ಬೀಳುವ ಸಂಗೀತ ಸಂಜೆ. ಇದರ ಬೆನ್ನಿಗೇ ಕ್ಯಾಸೆಟ್ ಬಂದಿತು. ಒಂದು ಮಗ್ಗುಲಿಗೆ ಅರ್ಧ ಗಂಟೆಯಂತೆ ಎರಡು ಮಗ್ಗುಲುಗಳ ಆ ಪೆಟ್ಟಿಗೆಯಲ್ಲಿ ಯಾವ ಹಾಡು ಎಲ್ಲಿ ಬರುತ್ತದೆಂಬುದನ್ನು ಹೊದಿಕೆ ಬಿಚ್ಚುವ ಮೊದಲೇ ಊಹಿಸುವ ಶಾಸ್ತ್ರವೊಂದನ್ನು ನಿರೀಕ್ಷಕನು ಬೆಳೆಸಿಕೊಂಡನು: ಆರಂಭದಲ್ಲಿ ದೇವರು, ಅನಂತರ ತಾಯಿ, ಮಗ್ಗುಲು ಬದಲಿಸಿದೊಡನೆ ಬಾಯ್ಲಾ, ಎಂದರೆ ಮದುವೆಯ ಮನೆಯಲ್ಲಿ ಕೂತವರನ್ನೂ ಎಬ್ಬಿಸಿ ಕುಣಿಸುವ ವೇಗದ ಹಾಡು, ಮತ್ತು ಮುಗಿಯುವ ಹೊತ್ತಿಗೆ ಗಲ್ಫಿಗೆ ಹೋದವನ ಹೆಂಡತಿಯ ವಿರಹ. ಊಹೆ ತಪ್ಪಿದರೆ ತಪ್ಪು ಗಾಯಕನದೇ.

ಗಾಯಕನೂ ಅದೇ ಇಗರ್ಜಿಯ ಕೊಯರಿನಲ್ಲಿ ಹಾಡುವವನಾದ್ದರಿಂದ ಗುಟ್ಟುಗಳು ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಗಾಯಕನು ಬಿಸಿನೀರು ಕೇಳಿದನೆಂದರೆ, ಅಥವಾ ಹುಟ್ಟುಹಬ್ಬದ ಊಟದಲ್ಲಿ ಗಡ್‌ಬಡ್ ಐಸ್‌ಕ್ರೀಮನ್ನು ಕೈಯಲ್ಲಾಡಿಸಿ ನಿರಾಕರಿಸಿದನೆಂದರೆ, ಧ್ವನಿಮುದ್ರಣ ಶುರುವಾಗಿದೆಯೆಂದು ನಿರೀಕ್ಷಕನು ಸಾಯಂಕಾಲದೊಳಗೆ ದುಬೈಗೆ ಸುದ್ದಿ ಮುಟ್ಟಿಸುತ್ತಾನೆ. ಬಿಡುಗಡೆಯ ದಿನವನ್ನು ಲೆಕ್ಕಹಾಕುವುದು ಇನ್ನೂ ಸುಲಭ: ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆಯೂ ಇಲ್ಲ, ಬಾಯ್ಲಾವೂ ಇಲ್ಲ, ಜೂನ್‌ನಿಂದ ಮಳೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಎಂದರೆ ಹೊಸ ತೆನೆಯ ಹಬ್ಬಕ್ಕೆ, ಮನೆಮಂದಿಯೇ ಸಾಲದು, ಆದ್ದರಿಂದ ಪರದೇಶದವರು ರಜೆಗೆ ಬರುವ ಡಿಸೆಂಬರ್ ಅಥವಾ ಮೇ ತಿಂಗಳೇ ಗತಿ. ಬಿಡುಗಡೆಯ ಸಂಜೆಯೇ ಎದುರು ಪಕ್ಷದ ಗಾಯಕನ ಕಾರ್ಯಕ್ರಮವೂ ಇದ್ದರೆ ಅದನ್ನು ಆಕಸ್ಮಿಕವೆಂದು ನಂಬುವಷ್ಟು ಮುಗ್ಧತೆ ನಿರೀಕ್ಷಕನಲ್ಲಿ ಇಲ್ಲ.

ಇವನ ಇತಿಹಾಸಪ್ರಜ್ಞೆಯೂ ಗಮನಾರ್ಹವಾದುದು. 1986ರಲ್ಲಿ ಆರಂಭವಾದ ಮಾಂಡ್ ಸೊಭಾಣ್ ಸಂಸ್ಥೆಯು 2008ರ ಜನವರಿಯಲ್ಲಿ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡುಗಳನ್ನು ಎಡೆಬಿಡದೆ 40 ಗಂಟೆ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ 'ಕೊಂಕಣಿ ನಿರಂತರಿ'ಯ ಮಾತು ಬಂದರೆ, ತಾನು ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೆಂಬುದನ್ನು ಪ್ರತಿಯೊಬ್ಬ ನಿರೀಕ್ಷಕನೂ ವರ್ಷಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತ ಬಂದಿದ್ದಾನೆ. ಈ ವೇಗದಲ್ಲಿ ಕೆಲವರ ಲೆಕ್ಕ 40ನ್ನು ದಾಟುವ ಸಂಭವವಿದೆ.

ಬಿಡುಗಡೆಯ ವಿಧಿಯಲ್ಲಿ ಪಾದ್ರಿಯವರೋ ಪ್ರಾಯೋಜಕರಾದ ಬಿಲ್ಡರೋ ರಿಬ್ಬನ್ ಕಟ್ಟಿದ ಪೊಟ್ಟಣವನ್ನು ಬಿಚ್ಚಿ, ಸಿಡಿಯನ್ನು ಫೋಟೊಗ್ರಾಫರನು ಸಾಕೆನ್ನುವವರೆಗೆ ಎದೆಯ ಮಟ್ಟದಲ್ಲಿ ಹಿಡಿದು ನಿಲ್ಲುತ್ತಾರೆ. ಇಲ್ಲಿ ನಿರೀಕ್ಷಕನಿಗೆ ಒಂದು ಸೂಕ್ಷ್ಮ ಕಷ್ಟ ಎದುರಾಗುತ್ತದೆ. ಜನ ಸಾಲದೆ ಹೋದಾಗ ಇವನನ್ನೇ ಸ್ಟುಡಿಯೊಗೆ ಕರೆದು ಕೋರಸ್ಸಿನಲ್ಲಿ, ಎಂದರೆ ಹಿಂದಿನಿಂದ ದನಿಗೂಡಿಸುವವರ ಸಾಲಿನಲ್ಲಿ, ನಿಲ್ಲಿಸಿದ್ದರಿಂದ ಎಲ್ಲ ಹಾಡುಗಳೂ ಇವನಿಗೆ ತಿಂಗಳ ಹಿಂದೆಯೇ ಬಾಯಿಪಾಠವಾಗಿವೆ. ಹಾಗಿದ್ದರೂ ಪ್ರತಿ ಹಾಡಿಗೂ ಹೊಸದಾಗಿ ಬೆರಗಾಗಬೇಕಾದ ಹೊಣೆ ಇವನ ಮೇಲಿರುತ್ತದೆ. ಇದನ್ನು ಇವನು ಯಾವ ವೃತ್ತಿಪರ ನಟನಿಗೂ ಕಡಿಮೆಯಿಲ್ಲದಂತೆ ನಿರ್ವಹಿಸುತ್ತಾನೆ, ತನ್ನ ದನಿ ಕೇಳಿಬರುವ ಸಾಲಿನಲ್ಲಿ ಮಾತ್ರ ಅಕ್ಕಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಾನೆ.

ಸಭಾಂಗಣದಿಂದ ಹೊರಡುವಾಗ ಇವನು ಐದು ಪ್ರತಿಗಳನ್ನು ಕೊಳ್ಳುತ್ತಾನೆ. ಮನೆಯ ಪ್ಲೇಯರ್ ಕೆಟ್ಟು ವರ್ಷಗಳಾಗಿವೆ, ಮಗನ ಕಾರಿನಲ್ಲಿ ಸಿಡಿ ತೂರಿಸುವ ಕಿಂಡಿಯೇ ಇಲ್ಲ, ಹಾಡುಗಳೆಲ್ಲ ಆಗಲೇ ಯೂಟ್ಯೂಬಿನಲ್ಲಿವೆ ಎಂಬ ಆಕ್ಷೇಪಗಳನ್ನು ಹೆಂಡತಿ ಎತ್ತಿದರೂ ಇವನು ಅವಕ್ಕೆ ಕಿವಿಗೊಡುವುದಿಲ್ಲ. ಒಂದು ಪ್ರತಿಯನ್ನು ಶೋಕೇಸಿನಲ್ಲಿ, ಮದುವೆಯ ಫೋಟೊಕ್ಕಿಂತ ತುಸು ಮುಂದಕ್ಕೆ, ನಿಲ್ಲಿಸುತ್ತಾನೆ. ಎದುರು ಪಕ್ಷದ ಗಾಯಕನ ಸಿಡಿಯನ್ನೂ ಇವನು ಸೌಜನ್ಯಕ್ಕೆಂದು ಕೊಂಡಿರುವುದುಂಟು. ಹಿತ್ತಲಿನ ತೊಂಡೆ ಚಪ್ಪರದಲ್ಲಿ ಹಕ್ಕಿ ಬೆದರಿಸಲು ದಾರ ಕಟ್ಟಿ ತೂಗುಬಿಟ್ಟಿರುವ ಸಿಡಿಗಳೆಲ್ಲವೂ ಅವೇ ಆಗಿದ್ದು, ಅವುಗಳಿಂದ ಬೆಳೆಗೆ ಒಳ್ಳೆಯ ಉಪಯೋಗವಾಗಿದೆಯೆಂದು ಇವನು ನಿಷ್ಪಕ್ಷಪಾತವಾಗಿ ಒಪ್ಪಿಕೊಳ್ಳುತ್ತಾನೆ.