ಬಾಳೆಗೊನೆ ಹತ್ತಿದ ಬೆಟ್ಟ

1936ರಲ್ಲಿ ಅಮೆರಿಕದ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಜಗತ್ತಿನ ಮೊದಲ ಸ್ಕೀ ಚೇರ್‌ಲಿಫ್ಟ್ ಓಡಿತು. ಹಡಗಿಗೆ ಬಾಳೆಗೊನೆ ತುಂಬುವ ಯಂತ್ರ ಬಲ್ಲ ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್, ಗೊನೆ ತೂಗುವ ಕೊಕ್ಕೆಯ ಜಾಗದಲ್ಲಿ ಕುರ್ಚಿ ನೇತುಹಾಕಿದರು.

ಗೊನೆಗೆ ನಿಯಮಗಳಿರಲಿಲ್ಲ, ಮನುಷ್ಯನಿಗಿವೆ.

ಕುರ್ಚಿ ಹತ್ತುವ ಮುನ್ನ ಸ್ಕೀ ಕೋಲಿನ ಪಟ್ಟಿಯಿಂದ ಕೈ ಬಿಡಿಸಿಕೊಳ್ಳಬೇಕು, ಗೆರೆಯ ಮೇಲೆ ನಿಲ್ಲಬೇಕು, ಹೆಗಲ ಮೇಲಿಂದ ಹಿಂದಕ್ಕೆ ನೋಡಬೇಕು. ಹೊಸಬ ಮಾತ್ರ ಮದುವೆ ಊಟದ ಪಂಕ್ತಿಯಲ್ಲಿ ಜಾಗ ಹಿಡಿಯುವವನಂತೆ ನುಗ್ಗಿ, ಅರ್ಧ ಕೂತು ಅರ್ಧ ಜೋತಾಡುತ್ತಾನೆ. ನಿರ್ವಾಹಕ ಗುಂಡಿ ಒತ್ತುತ್ತಾನೆ. ಸಾಲಿನ ಕುರ್ಚಿಗಳೆಲ್ಲ ಗಾಳಿಯಲ್ಲೇ ನಿಂತು ತೂಗುತ್ತವೆ; ಕೂತವರೆಲ್ಲ ಕೆಳಗೆ ಬಗ್ಗಿ ಅಪರಾಧಿಯನ್ನು ಹುಡುಕುತ್ತಾರೆ.

ಮೇಲೆ ತಲುಪಿದಾಗ ಸ್ಕೀ ತುದಿ ಎತ್ತಿ, ಎದ್ದು ಜಾರಿ, ಪಕ್ಕಕ್ಕೆ ಸರಿಯಬೇಕು. ಸೆಲ್ಫಿಗೆಂದು ಅಲ್ಲೇ ನಿಲ್ಲಬೇಡಿ ಮಹಾರಾಯರೇ, ಹಿಂದಿನ ಕುರ್ಚಿ ಬರುತ್ತಿದೆ!