5121ನೇ ಇಸವಿಯ ಕಾಸಿನೊಡನೆ

ಬೆಂಗಳೂರಿನ ಆಫೀಸಿನಲ್ಲಿ ಹಳೇ ಜಾವಾ ಕೋಡಿನ ತಾರೀಕುಗಳನ್ನೆಲ್ಲ ಹೊಸ ಪದ್ಧತಿಗೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ತಲೆ ತಣ್ಣಗಾಗಲಿ ಎಂದು ಶನಿವಾರ ಊರಿಗೆ, ಶ್ರೀರಂಗಪಟ್ಟಣಕ್ಕೆ, ಬಂದರೆ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಟಿಪ್ಪು ಕಾಲದ ತಾಮ್ರದ ಕಾಸೊಂದು ಸಿಕ್ಕಿತು. ಒಂದು ಮಗ್ಗುಲಲ್ಲಿ ಆನೆ, ಜೊತೆಗೆ ಪಾರಸಿ ಅಂಕಿಯಲ್ಲಿ ಇಸವಿ: 5121. ಹುಣಸೆಹಣ್ಣು ಹಾಕಿ ಉಜ್ಜಿದೆ. ಬಾಯಿ ಬಿಟ್ಟಿತು.

ತಾತ, ನೀವು ಹುಟ್ಟಿ ಎಷ್ಟು ವರ್ಷವಾಯಿತು? ಇಲ್ಲಾ, ಹುಟ್ಟೋದಕ್ಕೇ ಇನ್ನೂ ಟೈಮಿದೆಯಾ?

ಬಲಗಡೆಯಿಂದ ಓದ್ಲಾ ಮಗ. 1215. ನಿಮ್ಮ ಲೆಕ್ಕಕ್ಕೆ 1787. ಪಾರಸಿ ಬರವಣಿಗೆ ಬಲದಿಂದ ಎಡಕ್ಕೆ ಓಡ್ತದೆ; ದೊರೆ ಅಂಕೀನೂ ಅಂಗೇ ಓಡಿಸಿಬುಟ್ರು. 1221ರಲ್ಲಿ ಹುಟ್ಟಿದ ನನ್ನ ತಮ್ಮಂದಿರೇ ಪುಣ್ಯವಂತರು. ಯಾವ ಕಡೆಯಿಂದ ಓದಿದ್ರೂ ವಯಸ್ಸು ಒಂದೇ.

ಮುಂಚೆ ಹಿಜರಿ ಶಕ ಇತ್ತಲ್ಲ?

ಇತ್ತು. ಪ್ರವಾದಿಗಳು ಮದೀನಕ್ಕೆ ಹೊರಟ ವರ್ಷದಿಂದ ಎಣಿಸೋದು. ಅದನ್ನ ಬುಟ್ಟು ಅವರು ಹುಟ್ಟಿದ್ದರಿಂದ ಎಣಿಸೋದು ಅಂತಾಯ್ತು, ಮೌಲೂದಿ ಅಂದ್ರು. ಟಂಕಸಾಲೆಯಲ್ಲಿ 1201 ಆದ್ಮೇಲೆ ಬಂದದ್ದು 1215. ನಡುವಿನ ಹದಿಮೂರು ವರ್ಷದಲ್ಲಿ ಒಂದು ಮಗು ಹುಟ್ಟಲಿಲ್ಲ, ಒಬ್ಬನೂ ಸಾಲ ತೀರಿಸಲಿಲ್ಲ.

ಇಷ್ಟೆಲ್ಲ ಯಾಕೆ ಬೇಕಿತ್ತು?

ಹಿಜರಿ ವರ್ಷಕ್ಕೆ 354 ದಿನ. ರಾಗಿಗೆ ಅದು ಗೊತ್ತಾ? ಮೂರು ವರ್ಷಕ್ಕೆ ಒಂದು ತಿಂಗಳು ಹಿಂದುಮುಂದು. ತೆನೆ ಕಟ್ಟೋ ಮುಂಚೆ ಕಂದಾಯದ ತಿಂಗಳು ಬಂದು ಬಾಗಿಲಲ್ಲಿ ಕೂತಿರ್ತದೆ. ಅದಕ್ಕೇ ನಾನು ಹುಟ್ಟೋ ಮುಂಚೇನೇ ಅಧಿಕಮಾಸ, ಅರವತ್ತು ಸಂವತ್ಸರ ಎಲ್ಲಾ ಇರೋ ನಮ್ಮ ಪಂಚಾಂಗದ ಲೆಕ್ಕವನ್ನೇ ಒಳಗಿಟ್ಟು ಮೇಲೆ ಬೇರೆ ಹೆಸರು ಅಂಟಿಸಿದ್ರು. ಪರಾಭವ ನಲವತ್ತನೇದು ತಾನೇ? ಅದರ ಹೆಸರು 'ದಲ್ವ್'. ಒಂದೊಂದು ಅಕ್ಷರಕ್ಕೂ ಒಂದು ಬೆಲೆ: ದಾಲ್‌ಗೆ 4, ಲಾಮ್‌ಗೆ 30, ವಾವ್‌ಗೆ 6. ಕೂಡು.

ನಲವತ್ತು! 2026ರ ಯುಗಾದಿಯದ್ದೂ ಪರಾಭವವೇ.

ನಾಕು ಸುತ್ತು ಆಯ್ತು ನೋಡು. ದಲ್ವ್ ಎಲ್ಲೋಯ್ತೋ! ಪರಾಭವ ಮಾತ್ರ ತಪ್ಪದೆ ಬಂತು.

ಹಾಗಾದರೆ ಚೆನ್ನಾಗೇ ಇತ್ತಲ್ಲ, ಎಡವಿದ್ದೆಲ್ಲಿ?

ಎರಡನೇ ಸಲ ಬದಲಾಯಿಸಿದಾಗ. ತಿಂಗಳ ಹೆಸರಿನ ಮೊದಲ ಅಕ್ಷರದಲ್ಲೇ ಅದರ ಸಂಖ್ಯೆ ಅಡಗಿರ್ತಿತ್ತು. ಅಬ್ಜದ್ ಅನ್ನೋ ಆ ಹಳೇ ಅಕ್ಷರದ ಲೆಕ್ಕದಲ್ಲಿ 'ಹೈದರಿ' ಎಂಟನೇ ತಿಂಗಳು. 1787ರಲ್ಲಿ ಅಕ್ಷರಗಳ ಬೆಲೇನೇ ಬದಲಾಯ್ತು. ಹೈದರಿ ಆರಕ್ಕೆ ಇಳೀತು, ಮೂರನೇದಾಗಿದ್ದ 'ಜಾಫರಿ' ಐದಕ್ಕೆ ಏರ್ತು. 'ಹೈದರಿ ತಿಂಗಳಲ್ಲಿ ತೀರಿಸ್ತೀನಿ' ಅನ್ನೋ ಕಾಗದ ಹಳೇದೋ ಹೊಸದೋ ತಿಳೀದಿದ್ರೆ, ಎರಡು ತಿಂಗಳ ಬಡ್ಡಿ ಯಾರಪ್ಪನ ಮನೇದು?

ನಮ್ಮ ಹಳೇ ಜಾವಾದಲ್ಲಿ ಜನವರಿ ಅಂದರೆ ಸೊನ್ನೆ. ಆರು ಅಂದರೆ ಜುಲೈ. ವರ್ಷವನ್ನು 1900ರಿಂದ ಎಣಿಸುತ್ತೆ. 2026 ಅಂದರೆ 126.

ನಮ್ಮ ದೊರೆಯನ್ನ ನೋಡಿ ನಗೋಕೆ ನೀವು ಬರಬ್ಯಾಡಿ ಬುಡು.

ಈಗ ಸರಿಹೋಗಿದೆ ತಾತ. ಜಾವಾ 8ರಲ್ಲಿ, 2014ರಲ್ಲೇ, ಹೊಸ ಲೈಬ್ರರಿ ಬಂತು. ಜನವರಿ ಒಂದಾಯಿತು. ಪ್ರಪಂಚಕ್ಕೆಲ್ಲ ಒಂದೇ ಆದ ಕ್ಷಣ ಬೇರೆ, ಊರೂರಿನ ಕ್ಯಾಲೆಂಡರಿನ ದಿನ ಬೇರೆ ಅಂತ ವಿಂಗಡಿಸಿಟ್ಟಿದ್ದಾರೆ.

2014ರಲ್ಲೇ ಬಂತಾ? ಮತ್ತೆ ನೀನು ಈಗ ಎದ್ದಿದ್ದೀಯ?

ಹಳೇದು ಓಡ್ತಾ ಇತ್ತು. ಯಾರೂ ಮುಟ್ಟಲಿಲ್ಲ.

ಅಲ್ಲೇ ಇರೋದು ಕಣ್ಲಾ. ಹುಕುಂ ಹೊರಡಿಸೋಕೆ ಒಂದು ಗಳಿಗೆ ಸಾಕು. ಹಳೇ ಕಡತ ತಿದ್ದೋನು ಯಾರು? ದೊರೆ ಶಕ ಬದಲಾಯಿಸ್ತಾನೆ. ರೈತ ರೋಹಿಣಿ ಮಳೆ ನೋಡ್ಕೊಂಡೇ ಬಿತ್ತಾನೆ.

ಕೊನೇದಾಗಿ, ಹೊಸ ಕೋಡನ್ನು ಪರೀಕ್ಷಿಸೋಕೆ ಒಂದು ತಾರೀಕು ಕೊಡಿ.

04/05/1799.

ಮೇ 4. ನಮ್ಮೂರ ಕೋಟೆ ಬಿದ್ದ ದಿನ. ಅಯ್ಯೋ, ನಮ್ಮ ಸರ್ವರ್ ಅಮೆರಿಕದ ರೂಢಿಯಲ್ಲಿ ಏಪ್ರಿಲ್ 5 ಅಂತ ಓದಿಬಿಟ್ಟಿತು!

ಏಪ್ರಿಲ್ 5 ಯಾವತ್ತು ಗೊತ್ತಾ? ಇಂಗ್ಲಿಷರು ಮುತ್ತಿಗೆ ಶುರುಮಾಡಿದ ದಿನ. ಇಪ್ಪತ್ತೊಂಬತ್ತು ದಿನ ತಡಕೊಂಡ ಕೋಟೇನ ನಿನ್ನ ಯಂತ್ರ ಎರಡು ಓರೆಗೆರೆಯಲ್ಲಿ ಮುಗಿಸಿಬುಡ್ತಲ್ಲೋ!

ಅವಮಾನವಾಯಿತು. ಯಾರೂ ತಪ್ಪಾಗಿ ಓದಬಾರದೆಂದು ಈಗಿನ ಅಂತರರಾಷ್ಟ್ರೀಯ ಕ್ರಮದಲ್ಲಿ 1799-05-04 ಎಂದು ತಿದ್ದಿ, ಪರದೆಯನ್ನು ತಾತನ ಮುಂದೆ ಹಿಡಿದೆ.

ತಾತ ಎಂದಿನಂತೆ ಬಲಗಡೆಯಿಂದ ಶುರುಮಾಡಿತು: "ನಲವತ್ತನೇ ತಾರೀಕು, ಐವತ್ತನೇ ತಿಂಗಳು, 9971ನೇ ಇಸವಿ... ಇದ್ಯಾವ ದೊರೆ ಕಾಲದ್ದಲಾ?"