ಭಾವನವರ ಮುಷ್ಕರ ಕಳೆದುಹೋಗಿದೆ

ಕೆ.ಆರ್. ಪುರದ ಮನೆಗೆ ಪಕ್ಕಾ ದಾಖಲೆಯಾದ ಎ ಖಾತಾ ಮಾಡಿಸಲು ನಮ್ಮ ಭಾವನವರು ಎಷ್ಟು ಜೊತೆ ಚಪ್ಪಲಿ ಸವೆಸಿದರು ಎಂಬ ಲೆಕ್ಕ ಅಕ್ಕನ ಹತ್ತಿರವಿದೆ. ಇಂಥ ಜಾಗರೂಕರು ತಮ್ಮ ಬರಹವನ್ನು ಮಾತ್ರ ಅರೆಬರೆ ದಾಖಲೆಯ ಬಿ ಖಾತಾ ಕೂಡ ಇಲ್ಲದ ಜಾಗದಲ್ಲಿ, ಯಾವುದೋ ಸಾಗರದಾಚೆಯ ಕಂಪನಿಯ ಸಾಮಾಜಿಕ ಜಾಲತಾಣದ ಗೋಡೆಯ ಮೇಲೆ ಕಟ್ಟಿ ಕೂತಿದ್ದಾರೆ.

ಬರೆಯುವುದೇನೂ ಕಾಡುಹರಟೆಯಲ್ಲ (ಅದು ನನ್ನ ಇಲಾಖೆ). ಅವರು ದೂರವಾಣಿನಗರದ ಐಟಿಐನಲ್ಲಿ ದುಡಿದವರು. 1948ರಲ್ಲಿ ಶುರುವಾದ, ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಕಾರ್ಖಾನೆ. 1980ರ ಡಿಸೆಂಬರಿನಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ ಕಾರ್ಮಿಕರೆಲ್ಲ ಒಟ್ಟಿಗೆ ಕೆಲಸ ನಿಲ್ಲಿಸಿ 77 ದಿನ ಗೇಟಿನ ಹೊರಗೆ ನಿಂತರಲ್ಲ, ಅದರ ಬಗ್ಗೆ ಭಾವನವರು ಆ ಗೋಡೆಯ ಮೇಲೆ ಒಮ್ಮೆ ಬರೆದಿದ್ದರು. ಟೀ ಅಂಗಡಿಯವನು ಎಷ್ಟನೇ ದಿನ ಸಾಲದ ಪುಸ್ತಕ ಮುಚ್ಚಿದ ಎಂಬುದರವರೆಗೆ. ಯಾವ ಇತಿಹಾಸಕಾರನಿಗೂ ಸಿಗದ ಮಾಹಿತಿ.

ಮೊನ್ನೆ ಮೆಟ್ರೋದಲ್ಲಿ ಹೋಗುವಾಗ, "ಭಾವ, ಅದನ್ನೊಮ್ಮೆ ತೋರಿಸಿ" ಅಂದೆ. ಫೋನಿನ ಪರದೆಯನ್ನು ಹೆಬ್ಬೆರಳಿನಲ್ಲಿ ತಳ್ಳತೊಡಗಿದರು. ಗುಡ್ ಮಾರ್ನಿಂಗ್ ಗುಲಾಬಿ ಬಂತು. ಬೆನ್ನಿಗಾನಹಳ್ಳಿ ಬಂತು. ಯಾರದೋ ಮಗಳ ಸೀಮಂತ ಬಂತು, ಬೈಯಪ್ಪನಹಳ್ಳಿಯೂ ಬಂತು. ಇಂದಿರಾನಗರದ ಹೊತ್ತಿಗೆ ಭಾವನವರೇ ಮಸಾಲೆ ದೋಸೆಯ ಮುಂದೆ ಹಲ್ಲು ಕಿರಿದ ಫೋಟೊ, ಅದಕ್ಕೆ ಇನ್ನೂರು ಲೈಕು. ಹಲಸೂರು ದಾಟಿದರೂ ಮುಷ್ಕರದ ಸುಳಿವಿಲ್ಲ.

"ಒಂದು ಬ್ಲಾಗ್ ಮಾಡಿ" ಅಂದೆ.

"ಈಗ ಬ್ಲಾಗ್ ಯಾರು ಓದ್ತಾರೋ? ಇಲ್ಲಿ ಎಷ್ಟು ಜನ ಇದ್ದಾರೆ ನೋಡು!"

ಜನ ಇದ್ದಾರೆ, ನಿಜ. ಆ ಇನ್ನೂರರಲ್ಲಿ ನಿಧನವಾರ್ತೆಗೂ ಲೈಕು ಒತ್ತುವ ನಮ್ಮ ಸೋದರಮಾವನೂ ಇದ್ದಾನೆ. ಆರ್ಕುಟ್‌ನಲ್ಲೂ ಇಂಥ ಜನಜಾತ್ರೆಯೇ ಇತ್ತು. 2014ರಲ್ಲಿ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅವೆಲ್ಲ ಪರದೇಶದವು ಅನ್ನೋಣವೆಂದರೆ, ನಮ್ಮ ಬೆಂಗಳೂರಿನಲ್ಲೇ 2020ರಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಬಾಯಿಬಿಟ್ಟ ಹಳದಿ ಹಕ್ಕಿ 'ಕೂ' ಇತ್ತಲ್ಲ? ಮಂತ್ರಿಗಳೆಲ್ಲ ಅದರ ಮೇಲೆ ಕೂಗಿದ್ದೇ ಕೂಗಿದ್ದು. 2024ರ ಜುಲೈನಲ್ಲಿ ಅದೂ ಹಾರಿಹೋಯಿತು.

ಬ್ಲಾಗಿಗೆ ಓದುಗರೇ ಇಲ್ಲ ಅನ್ನುವವರು ಕನ್ನಡದಲ್ಲಿ ಏನೇನು ನಡೆದಿತ್ತು ಅಂತ ಮರೆತಿರಬೇಕು. ಹರಿಪ್ರಸಾದ್ ನಾಡಿಗರು 2005ರಲ್ಲಿ 'ಸಂಪದ' ಜಾಲತಾಣ ತೆರೆದಾಗ ಅಲ್ಲಿ ಬರೆಯಲು ಬಂದವರೆಲ್ಲ ಸಾಹಿತಿಗಳೇ? ಜಿ.ಎನ್. ಮೋಹನ್ ಅವರ 'ಅವಧಿ' ಶುರುವಾದದ್ದೂ ಬ್ಲಾಗಾಗಿಯೇ. ಜನ ಹುಡುಕಿಕೊಂಡು ಹೋಗಿ ಓದುತ್ತಿದ್ದರು, ಬೆಳಿಗ್ಗೆ ಪೇಪರ್ ಬಂತಾ ಅಂತ ಇಣುಕುವ ಹಾಗೆ.

"ಸರಿ, ಬ್ಲಾಗ್‌ಸ್ಪಾಟ್ ಪುಕ್ಕಟೆ ಸಿಗುತ್ತಲ್ಲ, ಅದರಲ್ಲೇ ಮಾಡು" ಎಂದರು ಭಾವ. ಪಿಂಚಣಿದಾರರಿಗೆ ಪುಕ್ಕಟೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಆರಂಭಕ್ಕೆ ಅದೂ ತಪ್ಪಲ್ಲ. ಆದರೆ 2006ರ ಜುಲೈನಲ್ಲಿ ಸರ್ಕಾರ ಕೆಲವೇ ಪುಟಗಳನ್ನು ತಡೆಯಲು ಹೇಳಿದ್ದಕ್ಕೆ ಇಂಟರ್‌ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತಿದ್ದವು. ಪಾಯಸದ ರೆಸಿಪಿ ಬರೆದವರೂ ಸಿಕ್ಕಿಬಿದ್ದರು. ಆದ್ದರಿಂದ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕೊಟ್ಟು ಸ್ವಂತ ಹೆಸರಿನ ಡೊಮೇನ್ ತಗೊಳ್ಳಿ, ಬರೆದದ್ದರ ಪ್ರತಿ ಮನೆಯ ಕಂಪ್ಯೂಟರಿನಲ್ಲೂ ಇರಲಿ ಅಂದೆ. ಆಮೇಲೆ ಕಂಪನಿ ಬದಲಾದರೂ ಗಂಟುಮೂಟೆ ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದು, ವಿಳಾಸ ಅದೇ ಇರುತ್ತದೆ. ಹಳೇ ಗೋಡೆ ಬಿಡಬೇಕೆಂದೇನಿಲ್ಲ. ಅಲ್ಲಿ ಲಿಂಕು ಹಾಕಿ, ದೋಸೆ ಫೋಟೊದ ಪಕ್ಕದಲ್ಲೇ.

"ಮುಷ್ಕರವನ್ನ ಮತ್ತೆ ಬರೀಬೇಕಲ್ಲೋ" ಎಂದು ಭಾವ ನಿಟ್ಟುಸಿರುಬಿಟ್ಟರು.

ಸಂಜೆ ಮನೆಯಲ್ಲಿ ಈ ವಿಷಯ ತೆಗೆದಾಗ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಆ ಎಪ್ಪತ್ತೇಳು ದಿನ ಮನೆ ನಡೆಸಿದವರು ಯಾರು ಅಂತ ಅದರಲ್ಲಿ ಬರುತ್ತೇನ್ರೀ? ಇಲ್ಲ ಅಂದ್ರೆ ಎರಡು ಡೊಮೇನ್ ತಗೊಳ್ಳಿ."